ಎಸೆದ ರಾಶಿಯನ್ನು ನೋಡಿದ ವರ್ಷ

ಹೋದ ತಿಂಗಳು ಒಂದು ಹಳೆಯ ಕೇಸಿನಲ್ಲಿ ಸಾಕ್ಷಿ ಹೇಳಲು ಮಧುಗಿರಿಗೆ ಹೋಗಿದ್ದೆ. ಗಾಯದ ಸರ್ಟಿಫಿಕೇಟು ಬರೆದ ಡಾಕ್ಟರು ನಾನು. ಕೋರ್ಟಿನ ಕೆಲಸ ಹೆದರಿದ್ದಕ್ಕಿಂತ ಬೇಗ ಮುಗಿಯಿತು. ಕೊರಟಗೆರೆ ಬಸ್ಸಿಗೆ ಕಾಯುತ್ತಾ ನಿಂತೆ. ಮಧ್ಯಾಹ್ನದ ಹೊತ್ತಿಗೆ ಊರ ಪಕ್ಕದ ಆ ಬೋಳು ಬಂಡೆಯ ಬೆಟ್ಟ ಕಾದು ಊರಿಗೆಲ್ಲ ಬಿಸಿ ಊದುತ್ತಿರುತ್ತದೆ. ಅಷ್ಟರಲ್ಲಿ ಚೀಲ ಹೇರಿಕೊಂಡ ಟೆಂಪೊ ಒಂದು ಎದುರಿಗೇ ಬಂದು ನಿಂತಿತು. ಹೊಸ ಹುಣಸೆಹಣ್ಣು. ಹುಳಿಯೊಳಗೆ ಸ್ವಲ್ಪ ಸಿಹಿ, ಸ್ವಲ್ಪ ಮಣ್ಣು ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಬಂತು. ಪಕ್ಕದಲ್ಲಿ ನಿಂತಿದ್ದ ಹೆಂಗಸು "ಧೂಳು ಬಿತ್ತೇನಮ್ಮ" ಎಂದು ಕೇಳಿದಳು. ಹೌದು ಎಂದೆ. ಓಬಳಮ್ಮನ ವಿಷಯವನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರಿಗೆ ಹೇಳಲಿ.

ಓದು ಮುಗಿಸಿ, ಸರ್ಕಾರಕ್ಕೆ ಬರೆದುಕೊಟ್ಟ ಬಾಂಡಿನ ಪ್ರಕಾರ ಒಂದು ವರ್ಷದ ಹಳ್ಳಿ ಸೇವೆಗೆಂದು ಪಾವಗಡ ತಾಲ್ಲೂಕಿನ ಒಂದು ಚಿಕ್ಕ ಆಸ್ಪತ್ರೆಗೆ ನಾನು ಹೋದದ್ದು ಇಂಥದೇ ಫೆಬ್ರವರಿಯಲ್ಲಿ. ಊರಿನ ಹೆಸರು ಬೇಡ. ಅಲ್ಲಿ ನಡೆದ ತಪ್ಪು ನನ್ನದು, ಊರಿನದಲ್ಲ. ಹೊರಡುವಾಗ ಅಮ್ಮ ನನ್ನ ಪೆಟ್ಟಿಗೆಯಲ್ಲಿ ವಿಭೂತಿ ಗಟ್ಟಿಯ ಜೊತೆ ನೀರು ಸೋಸುವ ಫಿಲ್ಟರನ್ನೂ ಇಟ್ಟಿದ್ದಳು. "ಅಲ್ಲಿ ನೀರು ಮಾತ್ರ ಹಂಗೇ ಕುಡೀಬೇಡ ಕಣೇ," ಎಂದದ್ದು ಬಿಟ್ಟರೆ ಬೇರೆ ಬುದ್ಧಿಮಾತು ಹೇಳಲಿಲ್ಲ. ನಮ್ಮ ಕಡೆ ಪಾವಗಡ ಎಂದರೆ ಮೊದಲು ನೆನಪಾಗುವುದೇ ನೀರು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾದ ಮೇಲೆ ಕುತ್ತಿಗೆ, ಸೊಂಟ, ಮಂಡಿ ಬಿಗಿ. ಪುಸ್ತಕದಲ್ಲಿ ಅದಕ್ಕೆ ಫ್ಲೋರೋಸಿಸ್ ಎಂದು ಹೆಸರು. ಆ ಊರಿನವರು ನೀರಿನ ನೋವು ಅನ್ನುತ್ತಿದ್ದರು.

ಒಂದು ತಿಂಗಳಲ್ಲಿ ನಾನೂ ಹಾಗೇ ಅನ್ನತೊಡಗಿದೆ. ಬೆಳಗಿನ ಹೊತ್ತು ಬರುವ ರೋಗಿಗಳಲ್ಲಿ ಅರ್ಧಕ್ಕರ್ಧ ಮೈಕೈ ನೋವಿನವರು. ಸಿರಾದಿಂದ ಬಂದಿದ್ದ ನರ್ಸ್ ಶಬಾನಾ ಬಾಗಿಲಲ್ಲೇ ಮುಖ ನೋಡಿ "ಮೇಡಂ, ಇನ್ನೊಂದು ನೀರು," ಎಂದು ಚೀಟಿ ಒಳಗೆ ಕಳಿಸುತ್ತಿದ್ದರು. ನಾನು ನೋವಿನ ಮಾತ್ರೆ ಬರೆದು, ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಿರಿ ಎಂದು ಹೇಳಿ ಕಳಿಸುತ್ತಿದ್ದೆ. ರೋಗಿಗಳೂ ತಲೆಯಾಡಿಸಿ ಹೋಗುತ್ತಿದ್ದರು. ಅವರು ಬರುವಾಗಲೇ ಕಾಯಿಲೆಯ ಹೆಸರು ತಂದಿರುತ್ತಿದ್ದರು, ನನ್ನ ಕೆಲಸ ಅದಕ್ಕೆ ಮೊಹರು ಒತ್ತುವುದಷ್ಟೇ ಆಗಿತ್ತು.

ಕಾಲೇಜಿನಲ್ಲಿ ನನಗೆ ಗೈಡ್ ಆಗಿದ್ದ ಮೇಡಂ ಫೋನು ಮಾಡಿ, "ಅಲ್ಲೇ ಕೂತಿದೀಯ, ಫ್ಲೋರೋಸಿಸ್ ನೋವಿಗೆ ಯಾವ ಚಿಕಿತ್ಸೆ ಕೆಲಸ ಮಾಡುತ್ತೆ ಅಂತ ಒಂದು ರಿವ್ಯೂ ಬರಿ," ಎಂದರು. ರಿವ್ಯೂ ಎಂದರೆ ಆ ವಿಷಯದಲ್ಲಿ ಜಗತ್ತಿನ ಡಾಕ್ಟರುಗಳು ಈವರೆಗೆ ಬರೆದದ್ದನ್ನೆಲ್ಲ ಹುಡುಕಿ, ಕೆಲಸಕ್ಕೆ ಬಾರದ್ದನ್ನು ಬಿಟ್ಟು, ಉಳಿದದ್ದರ ಸಾರ ತೆಗೆಯುವುದು. ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಎಂದು ಮೊದಲೇ ನಿಯಮ ಬರೆದುಕೊಳ್ಳಬೇಕು. ಒಬ್ಬರ ಕಣ್ಣು ತಪ್ಪಬಹುದೆಂದು ಇಬ್ಬರು ಬೇರೆ ಬೇರೆ ಕೂತು ಆರಿಸಿ, ಆಮೇಲೆ ತಾಳೆ ನೋಡುವುದು ವಾಡಿಕೆ. ನನಗೆ ಎರಡನೆಯವರು ಎಲ್ಲಿಂದ ಸಿಗಬೇಕು. ಶಬಾನಾ ಸಿಸ್ಟರನ್ನು ಕೇಳಿದ್ದಕ್ಕೆ "ತೋಬಾ ಮೇಡಂ" ಎಂದು ಕಿವಿ ಮುಟ್ಟಿಕೊಂಡರು. ಗೈಡ್ ಮೇಡಮ್ಮೇ ಉಪಾಯ ಹೇಳಿದರು. ಎರಡನೆಯ ಕಣ್ಣಾಗಿ ಎಐ ಇಟ್ಟುಕೋ, ಆದರೆ ಅದು ಹೇಳಿದ್ದನ್ನೆಲ್ಲ ಮೂಲ ತೆಗೆದು ನೋಡು, ರೋಗಿಗಳ ಹೆಸರು ವಿವರ ಒಂದನ್ನೂ ಅದರೊಳಗೆ ಹಾಕಬೇಡ ಎಂದರು.

ಹೀಗೆ ಶುರುವಾಯಿತು ನಮ್ಮ ಸಂಸಾರ. ಹೊರರೋಗಿಗಳು ಮುಗಿದ ಮೇಲೆ, ಎರಡು ಗಂಟೆಯಿಂದ ನಾಲ್ಕರವರೆಗೆ, ಕಿಟಕಿಗೆ ಒದ್ದೆ ಬೆಡ್‌ಶೀಟ್ ಕಟ್ಟಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಬರಹಗಳ ಶೀರ್ಷಿಕೆ, ಸಾರಾಂಶ ರಾಶಿ ರಾಶಿ. ನಾನು ಒಂದೊಂದೇ ಓದಿ ಗುರುತು ಹಾಕುತ್ತಿದ್ದೆ, ಅದೂ ಓದಿ ತನ್ನ ಗುರುತು ಹಾಕಿ, ಬಿಟ್ಟಿದ್ದಾದರೆ ಯಾಕೆ ಬಿಟ್ಟೆ ಎಂದು ಪಕ್ಕದಲ್ಲೇ ಒಂದು ಸಾಲು ಬರೆಯುತ್ತಿತ್ತು. ನನಗೆ ತಿಂಗಳು ಹಿಡಿಯುವ ಕೆಲಸ ಅದಕ್ಕೆ ಕಾಫಿ ಕುಡಿಯುವಷ್ಟು ಹೊತ್ತಿನದು. ಹಾಗಂತ ಸರ್ವಜ್ಞನೇನಲ್ಲ. ಒಮ್ಮೆ ಮೊಲಗಳ ಮೇಲೆ ಮಾಡಿದ ಪ್ರಯೋಗವನ್ನು ಮನುಷ್ಯರ ಮೇಲಿನದೆಂದು ಬರೆದುಬಿಟ್ಟಿತ್ತು. ಮೂಲ ತೆಗೆದು ನೋಡಿದರೆ ಉದ್ದ ಕಿವಿ. ಬೈದೆ. ತಪ್ಪಾಯಿತು ಎಂದು ಒಪ್ಪಿಕೊಂಡು, ಕೇಳದೆಯೇ ಬೇರೆ ಎರಡು ಕಡೆಯೂ ಅಂಥದೇ ಅನುಮಾನ ಇದೆ ನೋಡಿ ಎಂದು ತೋರಿಸಿತು. ನಮ್ಮಲ್ಲಿ ತಪ್ಪು ಸಿಕ್ಕಿಬಿದ್ದವರು ಉಳಿದ ಎರಡನ್ನು ಮುಚ್ಚಿಡುತ್ತಾರೆ. ಆವತ್ತಿನಿಂದ ಅದರ ಮೇಲೆ ನನಗೆ ಸ್ವಲ್ಪ ಪ್ರೀತಿ ಹುಟ್ಟಿತು. ಶಬಾನಾ "ನಿಮ್ ಎಐ ಸಾಹೇಬ್ರು ಊಟ ಮಾಡಿದ್ರಾ" ಎಂದು ಕೇಳುವಷ್ಟು.

ನಾನು ಬರೆದ ನಿಯಮಗಳಲ್ಲಿ ನಾಲ್ಕನೆಯದು ಹೀಗಿತ್ತು: ಬೇರೆ ಮೂಳೆ ಕಾಯಿಲೆಯೂ ಇರುವ ರೋಗಿಗಳ ಅಧ್ಯಯನ ಬೇಡ. ನನಗೆ ಅಪ್ಪಟ ಫ್ಲೋರೋಸಿಸ್ ಬೇಕಿತ್ತು, ಕಲಬೆರಕೆಯಲ್ಲ. ಎಐ ಕೆಲಸ ಶುರು ಮಾಡುವ ಮೊದಲು ಕೇಳಿತ್ತು. ಈ ನಿಯಮ ಇಟ್ಟರೆ ಫ್ಲೋರೈಡಿನ ಜೊತೆ ಬೇರೆ ತೊಂದರೆಯೂ ಇರುವವರೆಲ್ಲ ಹೊರಗೆ ಉಳಿಯುತ್ತಾರೆ, ಹಳ್ಳಿಗಳಲ್ಲಿ ಎರಡೂ ಒಟ್ಟಿಗಿರುವುದು ಅಪರೂಪವಲ್ಲ, ಹೀಗೇ ಇರಲೇ ಎಂದು. ಬಿಸಿಲಿಗೆ ತಲೆ ಕೆಟ್ಟಿತ್ತು. ಇದಕ್ಕೊಂದು ಅಧಿಕಪ್ರಸಂಗ ಎಂದುಕೊಂಡು, ಹೇಳಿದಷ್ಟು ಮಾಡು ಎಂದು ಟೈಪು ಮಾಡಿದೆ. ಅದು ಮಾಡಿತು.

ಓಬಳಮ್ಮ ಬಂದದ್ದು ಮಾರ್ಚಿನಲ್ಲಿ. ನಲವತ್ತು ದಾಟಿರಬಹುದು. ಮೇಜಿನ ಅಂಚು ಹಿಡಿದು ನಿಂತಿದ್ದಳು. ಸ್ಟೂಲು ತೋರಿಸಿದೆ.

"ಬ್ಯಾಡ ಡಾಕ್ಟ್ರಮ್ಮ. ಕುಂತ್ರೆ ಏಳಕ್ಕೆ ಇಬ್ರು ಬೇಕು."

ಊರಾಚೆಯ ಶೆಡ್ಡಿನಲ್ಲಿ ಹುಣಸೆಹಣ್ಣು ಕುಟ್ಟುವ ಕೆಲಸ ಅವಳದು. ಹೆಂಗಸರೆಲ್ಲ ನೆಲದ ಮೇಲೆ ಸಾಲಾಗಿ ಕೂತು, ಹಣ್ಣು ಬಡಿದು, ಬೀಜ ಬಿಡಿಸಿ, ನಾರು ತೆಗೆಯಬೇಕು. ಎರಡು ವರ್ಷದಿಂದ ತೊಡೆಯಲ್ಲಿ ಶಕ್ತಿಯಿಲ್ಲ, ಸೊಂಟದ ಮೂಳೆ ನೋವು. ಕೂತವಳನ್ನು ಅಕ್ಕಪಕ್ಕದವರು ಕೈ ಹಿಡಿದು ಎಬ್ಬಿಸಬೇಕು. ಪದೇ ಪದೇ ಅವರ ಕೆಲಸ ಕೆಡಿಸುವುದು ಬೇಡವೆಂದು ಬೆಳಿಗ್ಗೆ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

"ಮತ್ತೆ ಬಾತ್‌ರೂಮಿಗೆ?" ಎಂದೆ.

ಅವಳು ಶಬಾನಾ ಕಡೆ ನೋಡಿ, ಆಮೇಲೆ ನೆಲ ನೋಡಿದಳು. "ನೀರೇ ಕುಡಿಯಲ್ಲ ಡಾಕ್ಟ್ರಮ್ಮ. ಬೆಳಿಗ್ಗೆಯಿಂದ ಬೈಗಿನ ತನ್ಕ ಒಂದ್ ಗುಟುಕೂ ಇಲ್ಲ. ಬಾಯ್ಗೆ ಒಂದ್ ಹುಣ್ಸೆ ಬೀಜ ಹಾಕ್ಕೊಂಡಿರ್ತೀನಿ. ಇನ್ನೇನೂ ಬ್ಯಾಡ, ಒಬ್ಳೇ ಎದ್ದೇಳಂಗೆ ಮಾಡ್ಬುಡಿ."

ಪಾವಗಡದ ಬೇಸಿಗೆಯಲ್ಲಿ, ತಗಡಿನ ಶೆಡ್ಡಿನೊಳಗೆ, ನೀರಿಲ್ಲದೆ ಇಡೀ ಹಗಲು. ಪಾಪ ಅನ್ನಿಸಿತು ನಿಜ. ಆದರೆ ಡಾಕ್ಟರು ಮಾಡಬೇಕಾದದ್ದನ್ನು ನಾನು ಮಾಡಲಿಲ್ಲ. ಹೊರಗೆ ಸಾಲು ಉದ್ದ ಇತ್ತು. ಅವಳ ಹಲ್ಲಿನ ಮೇಲಿನ ಕಂದು ಗೆರೆ ನೋಡಿದೆ, ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು. ನಡೆಸಿ ನೋಡಲಿಲ್ಲ, ತೊಡೆ ಮುಟ್ಟಿ ನೋಡಲಿಲ್ಲ. "ಇದು ನೀರಿನದು ಓಬಳಮ್ಮ. ವಾಸಿ ಆಗೋದಲ್ಲ, ಹೆಚ್ಚಾಗದ ಹಾಗೆ ನೋಡ್ಕೋಬೇಕು," ಎಂದು ಮಾತ್ರೆ ಬರೆದುಕೊಟ್ಟೆ.

"ಏಂ ಚೇಸ್ತಾಂ, ಏನ್ ಮಾಡಕ್ಕಾಗ್ತದೆ," ಎಂದು ತೆಲುಗಲ್ಲಿ ಒಮ್ಮೆ ಕನ್ನಡದಲ್ಲಿ ಒಮ್ಮೆ ಹೇಳಿ, ಅತ್ತಿತ್ತ ತೂಗಾಡುತ್ತಾ ನಡೆದು ಹೋದಳು. ಆ ನಡಿಗೆಯನ್ನು ನಾನು ಕಿಟಕಿಯಲ್ಲಿ ನೋಡಿದೆ. ನೋಡಿ, ಮುಂದಿನ ಚೀಟಿ ತೆಗೆದುಕೊಂಡೆ.

ಏಪ್ರಿಲ್ ಹೊತ್ತಿಗೆ ನನ್ನ ಆರಿಸುವ ಕೆಲಸ ಮುಗಿಯಿತು. ನನ್ನ ಗುರುತು, ಎಐ ಗುರುತು ತಾಳೆ ಹಾಕಿದರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಮ್ಮತ. ಹಿಗ್ಗಿಹೋದೆ. ಆದರೆ ಕೈಯಲ್ಲಿ ಉಳಿದ ಬರಹಗಳಿಂದ ಹೇಳುವುದಕ್ಕೆ ಏನೂ ಇರಲಿಲ್ಲ. ನೋವಿನ ಮಾತ್ರೆ, ಒಳ್ಳೆಯ ನೀರು, ಅಷ್ಟೇ. ಕೊನೆಯ ಸಾಲನ್ನೂ ಬರೆದಿಟ್ಟೆ: ಚಿಕಿತ್ಸೆಗೆ ಹೆಚ್ಚಿನ ದಾರಿಗಳಿಲ್ಲ.

ಆ ವಾರವೇ ಕ್ಷಯರೋಗದ ತಪಾಸಣೆಗೆಂದು ನಾನೂ ಶಬಾನಾ ಸಿಸ್ಟರೂ ಹುಣಸೆ ಶೆಡ್ಡಿಗೆ ಹೋದೆವು. ಒಳಗೆ ಬಡಿಯುವ ಸದ್ದು, ಘಾಟು, ಸೆಕೆ. ಸಾಲಿನ ನಡುವೆ ಓಬಳಮ್ಮ ಗೋಡೆಗೆ ಒರಗಿ ಕೂತಿದ್ದಳು, ನನ್ನನ್ನು ನೋಡಿ ನಕ್ಕಳು. ಬಾಗಿಲ ಹತ್ತಿರ, ನಾರು ಬೀಜ ಸಿಪ್ಪೆಯ ರಾಶಿಯ ಪಕ್ಕ, ಮುದುಕಿಯೊಬ್ಬಳು ಮೊರ ಇಟ್ಟುಕೊಂಡು ಕೂತಿದ್ದಳು. ಬೆನ್ನು ಬಾಗಿ, ಕುತ್ತಿಗೆ ಸೆಟೆದುಹೋಗಿತ್ತು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಎಲ್ಲರೂ ಅವಳನ್ನು ಪೆದ್ದಕ್ಕ, ಅಂದರೆ ದೊಡ್ಡಕ್ಕ, ಎಂದು ಕರೆಯುತ್ತಿದ್ದರು. ಅವಳು ಹಣ್ಣು ಕುಟ್ಟುತ್ತಿರಲಿಲ್ಲ. ಬೇರೆಯವರು ಎಸೆದದ್ದನ್ನು ಮೊರಕ್ಕೆ ಹಾಕಿಕೊಂಡು ಕೈಯಾಡಿಸುತ್ತಿದ್ದಳು.

"ಇದರಲ್ಲಿ ಏನು ಹುಡುಕ್ತೀಯಜ್ಜಿ?" ಎಂದೆ.

"ಒಳ್ಳೇ ಹಣ್ಣು ಹೋಗಿರ್ತದಲ್ಲ, ಅದು."

"ಅಷ್ಟು ಹೋಗುತ್ತಾ?"

"ಹಣ್ಣಿಗಲ್ಲಮ್ಮ ನಾ ನೋಡದು," ಎಂದಳು ಪೆದ್ದಕ್ಕ. "ಒಂದೆರಡು ಹೋದ್ರೆ ಕೈತಪ್ಪು, ಹೋಗ್ಲಿ ಬುಡು. ಒಂದೇ ತರದ್ದು ತಿರ್ಗಾ ತಿರ್ಗಾ ಬಂತಾ, ಆಗ ಕೇಳ್ಬೇಕು. ಮೊನ್ನೆ ನೋಡು, ಕರೀ ಚುಕ್ಕೆ ಇರೋವೆಲ್ಲ ಇಲ್ಲೇ ಬಿದ್ದಿದ್ವು. ಚುಕ್ಕೆ ಇದ್ರೆ ಎಸೀರಿ ಅಂತ ಯಾರೋ ಹೇಳವ್ರೆ, ಎಲ್ಲಾರೂ ಎಸ್ದವ್ರೆ. ಬಾಯ್ಗೆ ಹಾಕ್ಕೊಂಡ್ರೆ ಬೆಲ್ಲ. ಕೈಯ್ದು ತಪ್ಪಲ್ಲ, ಹೇಳಿದ್ದು ತಪ್ಪು."

ಗಡಸು ದನಿ, ಆದರೆ ಬೈಗುಳ ಇರಲಿಲ್ಲ. ನಾನು ಹೂಂ ಎಂದು ಮುಂದೆ ಹೋದವಳು ಶೆಡ್ಡಿನ ನಡುವೆ ನಿಂತುಬಿಟ್ಟೆ. ನನ್ನದೂ ಒಂದು ಎಸೆದ ರಾಶಿ ಇತ್ತು. ಉಳಿಸಿಕೊಂಡದ್ದನ್ನು ಹತ್ತು ಸಲ ಓದಿದ್ದೆ, ಎಸೆದದ್ದನ್ನು ಒಟ್ಟಾಗಿ ಒಮ್ಮೆಯೂ ನೋಡಿರಲಿಲ್ಲ. ಎಐ ಮತ್ತು ನಾನು ಒಪ್ಪಿದ್ದೇವೆ ಎಂದು ಹಿಗ್ಗಿದ್ದೆನಲ್ಲ, ಇಬ್ಬರೂ ನಡೆದದ್ದು ನಾನೇ ಬರೆದ ನಿಯಮದಂತೆ.

ಮಧ್ಯಾಹ್ನ ವಾಪಸು ಬಂದವಳೇ ಊಟಕ್ಕೂ ಏಳದೆ ಕೂತೆ. ಬಿಟ್ಟ ಬರಹಗಳನ್ನೆಲ್ಲ, ಬಿಟ್ಟ ಕಾರಣದ ಪ್ರಕಾರ ಗುಂಪು ಮಾಡು ಎಂದೆ. ಮಾಡಿತು. ಎಲ್ಲಕ್ಕಿಂತ ದೊಡ್ಡ ಗುಂಪು ನಾಲ್ಕನೆಯ ನಿಯಮದ್ದು. ಅವುಗಳಲ್ಲಿ ಸಾಮಾನ್ಯವಾಗಿ ಏನು ಕಾಣುತ್ತದೆ ಎಂದು ಕೇಳಿದೆ. ಅದರ ಉತ್ತರ ನನಗೆ ಈಗಲೂ ಹೆಚ್ಚುಕಡಿಮೆ ಬಾಯಿಪಾಠ. ಇವರಲ್ಲಿ ಹಲವರು ಫ್ಲೋರೈಡ್ ಇರುವ ಹಳ್ಳಿಯವರೇ, ಜೊತೆಗೆ ವಿಟಮಿನ್ ಡಿ, ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಮೆತ್ತಗಾದವರು. ತೊಡೆಯ ಬಲ ಕುಂದಿರುತ್ತದೆ, ಅತ್ತಿತ್ತ ತೂಗಿ ನಡೆಯುತ್ತಾರೆ, ನೆಲದಿಂದ ತಾವಾಗಿ ಏಳಲಾರರು. ಕೊರತೆ ತುಂಬಿಸಿದಾಗ ಕೆಲವರು ಚೇತರಿಸಿಕೊಂಡರೆಂದು ಬರೆದಿದ್ದಾರೆ. ಆಮೇಲೆ ಅದೇ ಎಚ್ಚರ ಹೇಳಿತು: ಇವು ಚಿಕ್ಕ ಅಧ್ಯಯನಗಳು, ಹೆಚ್ಚಿನವು ಹಳೆಯವು, ಇವನ್ನೇ ಸಾಕ್ಷಿ ಎಂದು ಹಿಡಿಯಬೇಡಿ, ಮೂಲ ಓದಿ, ರೋಗಿಯನ್ನು ಪರೀಕ್ಷಿಸದೆ ಔಷಧಿ ಶುರು ಮಾಡಬೇಡಿ.

ನೆಲದಿಂದ ತಾವಾಗಿ ಏಳಲಾರರು. ಕಿಟಕಿಯಲ್ಲಿ ಕಂಡಿದ್ದ ಆ ನಡಿಗೆ ಕಣ್ಣ ಮುಂದೆ ಬಂತು. ಓಬಳಮ್ಮ ತನ್ನ ಬಾಯಿಂದಲೇ ಹೇಳಿದ್ದಳು. ಎಂಬಿಬಿಎಸ್ ಮೂರನೇ ವರ್ಷದ ಹುಡುಗಿಗೂ ಗೊತ್ತಿರಬೇಕಾದ ಲಕ್ಷಣ. ನನಗೂ ಗೊತ್ತಿತ್ತು. ಆದರೆ ಪಾವಗಡ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ನಾನು ಗೊತ್ತಿದ್ದದ್ದನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಹತ್ತು ವರ್ಷದಿಂದ ಅವಳು ಸೂರಿನ ಕೆಳಗೆ. ಹುಣಸೆ ಕಾಲದಲ್ಲಿ ಶೆಡ್ಡು, ಉಳಿದ ಕಾಲದಲ್ಲಿ ಮನೆಯೊಳಗೆ ಊದುಬತ್ತಿ ಹೊಸೆಯುವುದು. ಊರಾಚೆ ಎಕರೆಗಟ್ಟಲೆ ಸೋಲಾರ್ ಫಲಕಗಳು ಬಿಸಿಲನ್ನು ಹಿಡಿದು ಎಲ್ಲೆಲ್ಲಿಗೋ ಕರೆಂಟು ಕಳಿಸುತ್ತಿದ್ದವು, ಅವಳ ಮೈಗೆ ಮಾತ್ರ ಬಿಸಿಲು ಬಿದ್ದಿರಲಿಲ್ಲ. ನಾನು ನಾಚಿಕೆಯಿಂದ ಕುಗ್ಗಿಹೋದೆ. ಎರಡು ದಿನ ಆ ಬರಹಗಳ ಮೂಲ ತೆಗೆದು ಓದಿದೆ. ಈ ಸಲ ಮೊಲ ಇರಲಿಲ್ಲ. ತುಮಕೂರಿನಲ್ಲಿದ್ದ ನನ್ನ ಸೀನಿಯರ್ ಮೂಳೆ ಡಾಕ್ಟರಿಗೆ ಫೋನು ಮಾಡಿದೆ. "ಇಷ್ಟು ದಿನ ಏನ್ಮಾಡ್ತಿದ್ದೆ," ಎಂದರು. ಯಾವ ಯಾವ ಪರೀಕ್ಷೆ ಎಂದು ಕೇಳಿ ಬರೆದುಕೊಂಡೆ.

ಮಾರನೆಯ ದಿನ ಶೆಡ್ಡಿಗೆ ಹೋಗಿ ಓಬಳಮ್ಮನ ಎದುರಿಗೆ ನೆಲದ ಮೇಲೆ ಕೂತೆ. ರಕ್ತ ಪರೀಕ್ಷೆ ಮಾಡಿಸಬೇಕು, ಸೊಂಟದ ಎಕ್ಸ್‌ರೇ ತೆಗೆಸಬೇಕು, ಬಾ ಎಂದೆ.

ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ. "ನೀವೇ ನೀರು ಅಂದ್ರಲ್ಲ."

"ಅಂದೆ."

"ವಾಸಿ ಆಗಲ್ಲ ಅಂದ್ರಿ. ನಾ ಮನ್ಸ್‌ ಗಟ್ಟಿ ಮಾಡ್ಕೊಂಡೆ. ಈಗ ಬಂದು ಆಸೆ ತೋರುಸ್ತಾ ಇದ್ದೀರಿ. ನಾಳೆ ಇಲ್ಲ ಕಣಮ್ಮ, ನೀರೇಯ ಅಂದ್ರೆ ನಾ ಎಲ್ಲಿಗೋಗ್ಲಿ?"

ಸುತ್ತಲ ಬಡಿತ ನಿಂತಿತ್ತು. "ಓಬಳಕ್ಕ," ಎಂದೆ, ಆವತ್ತೇ ಮೊದಲ ಸಲ ಹಾಗೆ ಕರೆದದ್ದು. "ಅವತ್ತು ನಾನು ನಿನ್ನ ಕಾಲು ಮುಟ್ಟಿ ನೋಡಲಿಲ್ಲ. ಹಲ್ಲು ನೋಡಿ ಹೇಳಿಬಿಟ್ಟೆ. ತಪ್ಪು ನನ್ನದು. ವಾಸಿ ಮಾಡ್ತೀನಿ ಅಂತ ಮಾತು ಕೊಡಕ್ಕಾಗಲ್ಲ. ನೋಡ್ತೀನಿ ಅಂತ ಮಾತ್ರ ಹೇಳ್ತೀನಿ."

ಬಾಗಿಲ ಬಳಿಯಿಂದ ಪೆದ್ದಕ್ಕ ಇಡೀ ಮೈ ತಿರುಗಿಸಿ ನಮ್ಮ ಕಡೆ ನೋಡಿದಳು. "ಹೋಗಿ ಬಾರೇ ಓಬಳಿ. ನನ್ನಂಗೆ ಡಾಕ್ಟ್ರೂ ಕಸ ಕೆದಕ್ತಾವ್ಳೆ, ಏನಾರಾ ಸಿಕ್ಕೈತೆ." ಹೆಂಗಸರೆಲ್ಲ ನಕ್ಕರು. ಇಬ್ಬರು ಓಬಳಮ್ಮನ ಕೈ ಹಿಡಿದರು. ಮೂರನೆಯವಳಾಗಿ ನಾನೂ ಕಂಕುಳಿಗೆ ಕೈ ಕೊಟ್ಟೆ. ಅವಳ ಭಾರ ನನ್ನ ಕೈಗೆ ತಿಳಿದದ್ದು ಆಗಲೇ.

ಎಕ್ಸ್‌ರೇಯಲ್ಲಿ ಎರಡೂ ಕಾಯಿಲೆಯ ಗುರುತಿತ್ತು. ನೀರಿನದ್ದೂ ಇತ್ತು, ಮೆತ್ತಗಾದ ಮೂಳೆಯ ಸಣ್ಣ ಬಿರುಕುಗೆರೆಗಳೂ ಇದ್ದವು. ರಕ್ತದಲ್ಲಿ ವಿಟಮಿನ್ ಡಿ ತಳ ಮುಟ್ಟಿತ್ತು. ತುಮಕೂರಿನ ಸೀನಿಯರ್ ಹೇಳಿದಂತೆ ಔಷಧಿ ಶುರು ಮಾಡಿದೆವು. ದಿನಾ ಒಂದಷ್ಟು ಹೊತ್ತು ಬಿಸಿಲಿಗೆ ಕೂರಬೇಕು ಎಂದದ್ದಕ್ಕೆ ಅವಳಿಗೆ ನಗು ತಡೆಯಲಾಗಲಿಲ್ಲ. "ಪಾವಗಡದಾಗೆ ಬಿಸ್ಲು ಕಾಸಿ ಅಂತಾರಲ್ಲ, ಇದಕ್ಕೂ ಓದ್ಬೇಕಾ," ಎಂದಳು. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು ನೋವು ಇಳಿಯಿತು. ಜೂನ್ ಕೊನೆಯಲ್ಲಿ ಒಂದು ಒಳ್ಳೆಯ ಮಳೆ ಬಿದ್ದು, ಶೇಂಗಾ ಬಿತ್ತನೆಗೆ ಊರೆಲ್ಲ ಹೊಲಕ್ಕೆ ಹೋಗಿದ್ದ ದಿನ, ಓಬಳಮ್ಮ ಒಂದು ಕೈ ಗೋಡೆಗೆ ಕೊಟ್ಟು ಎದ್ದಳೆಂದು ಶಬಾನಾ ಓಡಿಬಂದು ಹೇಳಿದರು. ಹೇಳುತ್ತಾ ಅವರೇ ಅತ್ತರು.

ಆ ವರ್ಷ ನಾವು ನೀರಿನ ನೋವಿನವರೆಲ್ಲರನ್ನೂ ತಿರುಗಿ ಕರೆದು, ನಡೆಸಿ, ಕೂರಿಸಿ, ಎಬ್ಬಿಸಿ ನೋಡಿದೆವು. ಕೆಲವರಲ್ಲಿ ಕೊರತೆ ಸಿಕ್ಕಿತು, ಹಲವರಲ್ಲಿ ಸಿಗಲಿಲ್ಲ. ಪೆದ್ದಕ್ಕನನ್ನು ನಾನೇ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಏನಾದರೂ ಇರಲಿ ಎಂದು ಆಸೆಪಟ್ಟೆ. ಏನೂ ಇರಲಿಲ್ಲ. ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಅದು ಅಪ್ಪಟ ನೀರಿನ ಕೆಲಸ. ನನ್ನ ರಿವ್ಯೂಗೆ ಬೇಕಾಗಿದ್ದ ಕಲಬೆರಕೆಯಿಲ್ಲದ ರೋಗಿ ಅವಳೇ. ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದೆ. "ನಂದು ನೀರಿಂದೇಯ ಬುಡಮ್ಮ, ನಂಗೊತ್ತು," ಎಂದಳು. "ನೋಡಿದ್ಯಲ್ಲ, ಸಾಕು."

ರಿವ್ಯೂ ಮತ್ತೆ ಮೊದಲಿನಿಂದ ಬರೆದೆ. ನಾಲ್ಕನೆಯ ನಿಯಮ ತೆಗೆದು ಹಾಕಿ, ಯಾಕೆ ತೆಗೆದೆ ಎಂದೂ ಬರೆದೆ. ಹೊಸ ನಿಯಮಗಳನ್ನು ಕೊಟ್ಟಾಗ ಎಐ ಮತ್ತೆ ಒಂದೆರಡು ಪ್ರಶ್ನೆ ಕೇಳಿತು. ಈ ಸಲ ಒಂದೊಂದಕ್ಕೂ ಕೂತು ಉತ್ತರ ಕೊಟ್ಟೆ. ವಿಧಾನದ ಭಾಗದಲ್ಲಿ, ಕೈಬಿಟ್ಟ ಬರಹಗಳನ್ನು ಕಾರಣದ ಪ್ರಕಾರ ಗುಂಪು ಮಾಡಿ ಎರಡನೆಯ ಸಲ ನೋಡಲಾಯಿತು ಎಂದು ಒಂದು ಸಾಲು ಸೇರಿಸಿದೆ. ಗೈಡ್ ಮೇಡಂ ಮೆಚ್ಚಿಕೊಂಡು, ಇದು ಯಾವ ಪದ್ಧತಿ, ಎಲ್ಲಿಂದ ತೆಗೆದುಕೊಂಡೆ ಎಂದು ಕೇಳಿದರು. ಹುಣಸೆ ಶೆಡ್ಡಿನಿಂದ ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು.

ಮತ್ತೆ ಫೆಬ್ರವರಿ ಬಂತು, ನನ್ನ ವರ್ಷ ಮುಗಿಯಿತು. ಹೊರಡುವ ಹಿಂದಿನ ದಿನ ಶೆಡ್ಡಿಗೆ ಹೋದೆ. ಹೊಸ ಹಣ್ಣು ಬಂದಿತ್ತು, ಅದೇ ವಾಸನೆ. ಪೆದ್ದಕ್ಕ ಬಾಗಿಲಲ್ಲಿ ಮೊರದೊಂದಿಗೆ ಕೂತಿದ್ದಳು. ಓಬಳಮ್ಮ ಸಾಲಿನ ನಡುವೆ ಇದ್ದಳು, ಪಕ್ಕದಲ್ಲಿ ಘಟಕದ ನೀರು ತುಂಬಿ ಮುಚ್ಚಿಟ್ಟ ತಾಮ್ರದ ಚೊಂಬು. ನಾಳೆ ಹೋಗುತ್ತೇನೆ ಎಂದೆ. ಸರಿ ಎಂದು ತಲೆಯಾಡಿಸಿದಳು, ಒಳ್ಳೆಯದಾಗಲಿ ಎನ್ನಲಿಲ್ಲ, ಕೈ ಮುಗಿಯಲೂ ಇಲ್ಲ. ಕುಟ್ಟುವ ಕೋಲು ಕೆಳಗಿಟ್ಟು ಚೊಂಬು ಎತ್ತಿದಳು. ಎಲ್ಲರೂ ನೋಡುತ್ತಿದ್ದಂತೆ, ನಟ್ಟನಡು ಹಗಲು, ಒಂದೇ ಉಸಿರಿಗೆ ಅಷ್ಟೂ ನೀರು ಕುಡಿದಳು. ಬಾಯಿ ಒರೆಸಿಕೊಂಡು ಕೂತೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ, ಯಾರ ಕಡೆಗೂ ಕೈ ಚಾಚದೆ ಎದ್ದು, ಸೆರಗು ಕೊಡವಿ, "ಬಂದೆ ಇರಿ ಡಾಕ್ಟ್ರಮ್ಮ," ಎಂದು ಹಿತ್ತಿಲ ಕಡೆ ನಡೆದಳು.